ರೂಪಾಯಿಗೆ ಆರು ಪೈಸೆ: ಏರಿಯಾ ಲೈಬ್ರರಿಯ ದುಡ್ಡು ಎಲ್ಲಿ ನಿಲ್ಲುತ್ತದೆ?

ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರೆಲ್ಲ ವರ್ಷಕ್ಕೊಮ್ಮೆ ಲೈಬ್ರರಿಗೆ ಅಂತ ದುಡ್ಡು ಕಟ್ಟುತ್ತಾರೆ. ತಮ್ಮ ಏರಿಯಾದಲ್ಲಿ ಲೈಬ್ರರಿ ಯಾವ ರಸ್ತೆಯಲ್ಲಿದೆ ಅಂತ ಗೊತ್ತಿಲ್ಲದವರೂ ಕಟ್ಟುತ್ತಾರೆ. ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಉಪಕರ ಅದು. ಅದರಲ್ಲಿ ನೂರಾರು ಕೋಟಿ ರೂಪಾಯಿ ಗ್ರಂಥಾಲಯ ಇಲಾಖೆಗೆ ತಲುಪಿಲ್ಲ ಅನ್ನುವ ಸುದ್ದಿ ಎರಡು ವರ್ಷಕ್ಕೊಮ್ಮೆಯಾದರೂ ಪತ್ರಿಕೆಗಳಲ್ಲಿ ಬರುತ್ತದೆ. ಓದಿದವರಿಗೆ ತಲೆ ಕೆಡುತ್ತದೆ. ದುಡ್ಡು ಕಟ್ಟಿಸಿಕೊಂಡದ್ದು ಪಾಲಿಕೆ, ಲೈಬ್ರರಿಯೂ ಪಾಲಿಕೆಯದ್ದೇ ಅಲ್ವಾ? ತನ್ನ ಲೈಬ್ರರಿಗೆ ತಾನೇ ಬಾಕಿ ಉಳಿಸಿಕೊಳ್ಳುವುದು ಹೇಗೆ?

ಇದರ ಮೇಲೆ 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದವು. ಹಳೇ ಬಾಕಿಯನ್ನು ಐವರಲ್ಲಿ ಯಾರು ತೀರಿಸಬೇಕು, ಮುಂದಿನ ಉಪಕರ ಯಾರಿಂದ ಯಾರಿಗೆ ಹೋಗಬೇಕು ಅನ್ನುವ ಪ್ರಶ್ನೆಗಳೂ ಸೇರಿಕೊಂಡವು. ಗಂಟು ಬಿಡಿಸಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಲೈಬ್ರರಿ ಯಾರದ್ದು?

ಪಾಲಿಕೆಯದ್ದಲ್ಲ. ಬಡಾವಣೆಗಳಲ್ಲಿ ಕಾಣುವ ಹಳದಿ ಬೋರ್ಡಿನ, ನೀಲಿ ಬೋರ್ಡಿನ ಶಾಖಾ ಗ್ರಂಥಾಲಯಗಳನ್ನು ನಡೆಸುವುದು ರಾಜ್ಯ ಸರ್ಕಾರದ ಸಾರ್ವಜನಿಕ ಗ್ರಂಥಾಲಯ ಇಲಾಖೆ. ಅದು ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಕೆಳಗೆ ಬರುತ್ತದೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಅಂದರೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವೂ ಇದೇ ಇಲಾಖೆಯದ್ದು.

ಇದಕ್ಕೆಲ್ಲ ಬುನಾದಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಆಗಿನ್ನೂ ಇದು ಮೈಸೂರು ರಾಜ್ಯ. ದೇಶದಲ್ಲಿ ಗ್ರಂಥಾಲಯಕ್ಕೆ ಅಂತಲೇ ಕಾನೂನು ಮಾಡಿದ ಮೊದಲ ಕೆಲವೇ ರಾಜ್ಯಗಳಲ್ಲಿ ನಮ್ಮದೂ ಒಂದು. ಇಂಥ ಕಾಯ್ದೆ ಬೇಕು ಅಂತ ದಶಕಗಟ್ಟಲೆ ಬೆನ್ನು ಹತ್ತಿದವರು ಎಸ್.ಆರ್. ರಂಗನಾಥನ್. ಮದ್ರಾಸಿನಲ್ಲಿ ಕೆಲಸ ಶುರು ಮಾಡಿದ ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಲೈಬ್ರರಿ ಯಾರೋ ಶ್ರೀಮಂತರ ದಾನದ ಮೇಲೆ, ಯಾರೋ ಮಂತ್ರಿಯ ಖುಷಿಯ ಮೇಲೆ ನಿಲ್ಲಬಾರದು, ಅದಕ್ಕೆ ಕಾನೂನಿನಲ್ಲೇ ಬರೆದಿಟ್ಟ ಆದಾಯ ಇರಬೇಕು ಅನ್ನುವುದು ಅವರ ಪಟ್ಟು.

ಆ ಆದಾಯವೇ ಉಪಕರ. ಮನೆ, ಅಂಗಡಿ, ನಿವೇಶನದ ತೆರಿಗೆಯ ಮೇಲೆ ಈಗ ರೂಪಾಯಿಗೆ ಆರು ಪೈಸೆ. ಲೈಬ್ರರಿ ಇಲಾಖೆ ಮನೆ ಮನೆಗೆ ಹೋಗಿ ವಸೂಲಿ ಮಾಡಲಾಗದು, ಹಾಗಾಗಿ ಆಸ್ತಿ ತೆರಿಗೆ ವಸೂಲು ಮಾಡುವ ಸ್ಥಳೀಯ ಸಂಸ್ಥೆಯೇ ಇದನ್ನೂ ಸೇರಿಸಿ ವಸೂಲು ಮಾಡಿ ಗ್ರಂಥಾಲಯಕ್ಕೆ ದಾಟಿಸಬೇಕು. ಹೀಗಾಗಿ ದುಡ್ಡು ತೆಗೆದುಕೊಳ್ಳುವ ಕೈ ಒಂದು, ಖರ್ಚು ಮಾಡುವ ಕೈ ಇನ್ನೊಂದು. ತೊಂದರೆ ಹುಟ್ಟುವುದು ಈ ಎರಡು ಕೈಗಳ ನಡುವೆ.

ನಿಮ್ಮ ರಸೀದಿಯಲ್ಲಿ ಅದು ಎಲ್ಲಿದೆ?

ಒಂದು ಮನೆಯ ಆಸ್ತಿ ತೆರಿಗೆ 5,000 ರೂಪಾಯಿ ಅಂತಿಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಉಪಕರ ಶೇ 15, ಅಂದರೆ 750 ರೂಪಾಯಿ. ಗ್ರಂಥಾಲಯ ಉಪಕರ ಶೇ 6, ಅಂದರೆ 300. ಭಿಕ್ಷುಕರ ಉಪಕರ ಶೇ 3, ಅಂದರೆ 150. ಇವೆಲ್ಲ ಒಟ್ಟಾಗಿ ‘ಸೆಸ್’ ಅನ್ನುವ ಒಂದೇ ಸಾಲಿನಲ್ಲಿ ಬಂದುಬಿಡುವುದರಿಂದ, ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿ ತಪ್ಪಬಾರದು ಅಂತ ಗಡಿಬಿಡಿಯಲ್ಲಿ ಕಟ್ಟುವವರಿಗೆ ಒಳಗಿನ ಪಾಲು ಕಾಣುವುದಿಲ್ಲ. ಮುನ್ನೂರು ರೂಪಾಯಿ ಅಂದರೆ ಒಂದು ಸಾಧಾರಣ ಗಾತ್ರದ ಕನ್ನಡ ಕಾದಂಬರಿಯ ಬೆಲೆ.

ಇಡೀ ನಗರದ ಲೆಕ್ಕಕ್ಕೆ ಬನ್ನಿ. ಬಿಬಿಎಂಪಿ ತನ್ನ ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಮೂರು ಸಾವಿರ ಕೋಟಿಗೂ ಜಾಸ್ತಿ ಆಸ್ತಿ ತೆರಿಗೆ ಸಂಗ್ರಹಿಸುತ್ತಿತ್ತು. ಎಲ್ಲ ಉಪಕರವೂ ಸೇರಿದ ಮೊತ್ತ ಅದು ಅಂತ ಹಿಡಿದರೂ ಗ್ರಂಥಾಲಯದ ಪಾಲು ವರ್ಷಕ್ಕೆ 100 ಕೋಟಿ ದಾಟುತ್ತದೆ. ಅದೂ ಖಾಯಂ ಸಿಬ್ಬಂದಿಯ ಸಂಬಳ ಸರ್ಕಾರವೇ ಕೊಡುವ ವ್ಯವಸ್ಥೆ ಇರುವಾಗ. ಅಂದರೆ ಪುಸ್ತಕ, ಪತ್ರಿಕೆ, ಕುರ್ಚಿ, ಫ್ಯಾನು, ಕಟ್ಟಡಕ್ಕೆ ಕೈತುಂಬ ದುಡ್ಡು ಇರಬೇಕಾದ ಜಾಗ ಇದು. ಸೂರು ಸೋರುತ್ತಿದ್ದರೆ, ಬಡತನ ಅದಕ್ಕೆ ಕಾರಣವಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಮಾತು ಇಲ್ಲಿ ಯಾಕೋ ಸರಿಯಾಗಿ ಕೂರುತ್ತದೆ.

ಅಲ್ಲಿಗೆ ಯಾರು ಹೋಗುತ್ತಾರೆ, ಯಾಕೆ?

‘ಈಗ ಯಾರ್ರೀ ಲೈಬ್ರರಿಗೆ ಹೋಗ್ತಾರೆ, ಎಲ್ಲ ಮೊಬೈಲಲ್ಲೇ ಸಿಗುತ್ತೆ’ ಅನ್ನುವವರಿದ್ದಾರೆ. ಉಪಕರದ ಚರ್ಚೆ ತಣ್ಣಗಾಗುವುದಕ್ಕೆ ಈ ನಂಬಿಕೆಯೂ ಒಂದು ಕಾರಣ. ಅದನ್ನು ಪರೀಕ್ಷಿಸಲು ಯಾವುದಾದರೂ ಒಂದು ಶಾಖೆಯ ಒಂದು ದಿನವನ್ನು ಗಮನಿಸಿದರೆ ಸಾಕು. ಸೋಮವಾರ ಬೇಡ, ಅಂದು ಹೆಚ್ಚಿನವಕ್ಕೆ ರಜೆ.

ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ನಿವೃತ್ತರು ಬಂದಿರುತ್ತಾರೆ. ಉದ್ದ ಮೇಜಿನ ಮೇಲೆ ಪ್ರಜಾವಾಣಿ, ವಿಜಯ ಕರ್ನಾಟಕ, ಕನ್ನಡಪ್ರಭ. ಒಂದು ಪತ್ರಿಕೆ ಒಬ್ಬರ ಕೈಯಲ್ಲಿ ಇಡಿಯಾಗಿ ಇರುವುದು ಮೊದಲ ಹತ್ತು ನಿಮಿಷ ಮಾತ್ರ. ಆಮೇಲೆ ಹಾಳೆ ಹಾಳೆಯಾಗಿ ಬೇರೆಯಾಗುತ್ತದೆ. ಒಬ್ಬರಿಗೆ ಮುಖಪುಟ, ಒಬ್ಬರಿಗೆ ಕ್ರೀಡೆ, ಇನ್ನೊಬ್ಬರು ಸಂಪಾದಕೀಯದ ಪುಟಕ್ಕೆ ಕನ್ನಡಕ ಒರೆಸುತ್ತ ಕಾಯುತ್ತಿರುತ್ತಾರೆ. ‘ನಿಮ್ದಾಯ್ತಾ?’ ಅನ್ನುವ ಪ್ರಶ್ನೆ ಇಲ್ಲಿ ನಮಸ್ಕಾರದ ಹಾಗೆ. ಮನೆಗೆ ನಾಲ್ಕು ಪತ್ರಿಕೆ ತರಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಇದ್ದವರಿಗೂ ಬೆಳಗ್ಗೆ ಮನೆಯಿಂದ ಹೊರಬಿದ್ದು ಹೋಗಿ ಕೂರಲು ಒಂದು ಜಾಗ ಬೇಕು. ಕಾಫಿ ಆರ್ಡರ್ ಮಾಡದೆ, ಯಾರಿಗೂ ಕಾರಣ ಹೇಳದೆ ಎರಡು ಗಂಟೆ ಕೂರಬಹುದಾದ ಜಾಗ ಈ ಊರಿನಲ್ಲಿ ಪಾರ್ಕು ಬಿಟ್ಟರೆ ಇದೊಂದೇ. ಮಳೆ ಬಂದರೆ ಪಾರ್ಕೂ ಇಲ್ಲ.

ಹತ್ತು ಗಂಟೆಯ ನಂತರ ಮೇಜಿನ ವಯಸ್ಸು ಕಡಿಮೆಯಾಗುತ್ತದೆ. ಕೆಎಎಸ್, ಪಿಡಿಒ, ಪೊಲೀಸ್ ಪರೀಕ್ಷೆ, ಬ್ಯಾಂಕ್ ಪರೀಕ್ಷೆಗೆ ಓದುವವರು. ವಿಜಯನಗರ, ಅತ್ತಿಗುಪ್ಪೆ, ಹಂಪಿನಗರದ ಕಡೆ ಹೋದರೆ ಇದು ಎದ್ದು ಕಾಣುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಸೆಂಟರುಗಳು ಸಾಲಾಗಿ ಇರುವ ಭಾಗ ಅದು. ರಾಯಚೂರು, ಕಲಬುರಗಿ, ವಿಜಯಪುರ, ಚಿತ್ರದುರ್ಗದಿಂದ ಬಂದ ಹುಡುಗ ಹುಡುಗಿಯರು ಪಿಜಿಯ ಒಂದೇ ಕೋಣೆಯಲ್ಲಿ ಮೂವರು ನಾಲ್ವರು ಇರುತ್ತಾರೆ. ಅಲ್ಲಿ ಮಲಗಬಹುದು, ಓದಲಾಗದು. ಹಾಗಾಗಿ ಹಂಪಿನಗರದ ದೊಡ್ಡ ಗ್ರಂಥಾಲಯದಂಥ ಕಡೆ ಬೆಳಗ್ಗೆಯೇ ಜಾಗ ಹಿಡಿಯಬೇಕು. ಬೆನ್ನಿಗೊಂದು ಬ್ಯಾಗು, ಅದರಲ್ಲಿ ನೀರಿನ ಬಾಟಲಿ, ಊಟದ ಡಬ್ಬಿ, ನಾಲ್ಕು ಬಣ್ಣದ ಪೆನ್ನು, ಜೆರಾಕ್ಸ್ ನೋಟ್ಸ್. ಇವರಲ್ಲಿ ಹಲವರು ಕಪಾಟಿನ ಕಡೆ ತಿರುಗಿಯೂ ನೋಡುವುದಿಲ್ಲ. ತಂದದ್ದು ತಮ್ಮದೇ ಪುಸ್ತಕ, ಬೇಕಾದದ್ದು ಮೇಜು, ಬೆಳಕು ಮತ್ತು ಮೌನ.

ಇದನ್ನು ಕೆಲವರು ಲೈಬ್ರರಿಯ ಸೋಲು ಅನ್ನುತ್ತಾರೆ: ‘ಪುಸ್ತಕ ಓದೋರಿಲ್ಲ, ಸುಮ್ನೆ ಜಾಗ ಹಿಡಿದು ಕೂರೋರು’. ಈ ಲೆಕ್ಕ ತಪ್ಪು. ಅದೇ ಬೀದಿಗಳಲ್ಲಿ ಖಾಸಗಿ ‘ರೀಡಿಂಗ್ ರೂಮ್’ಗಳು ತಲೆ ಎತ್ತಿವೆ. ಒಂದು ಕ್ಯಾಬಿನ್, ಒಂದು ಪ್ಲಗ್ ಪಾಯಿಂಟ್, ವೈಫೈ, ತಿಂಗಳಿಗಿಷ್ಟು ಅಂತ ಬಾಡಿಗೆ. ಜನ ದುಡ್ಡು ಕೊಟ್ಟು ಕೊಳ್ಳುತ್ತಿರುವ ಸೌಕರ್ಯವನ್ನೇ ಸಾರ್ವಜನಿಕ ಗ್ರಂಥಾಲಯ ಬಿಟ್ಟಿಯಾಗಿ ಕೊಡುತ್ತಿದೆ. ಆ ಬಾಡಿಗೆ ಕೊಡಲಾಗದವರು ಎಲ್ಲಿ ಓದಬೇಕು? ಪರೀಕ್ಷೆ ಎಲ್ಲರಿಗೂ ಒಂದೇ, ಕೂರುವ ಜಾಗ ಒಂದೇ ಅಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು, ಬೇಸಿಗೆ ರಜೆಯಲ್ಲಿ ಇನ್ನೂ ಜಾಸ್ತಿ. ಕಾದಂಬರಿ ಎರವಲು ಒಯ್ಯುವ ಗೃಹಿಣಿಯರು ಈಗ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಪುಸ್ತಕದ ಕೊನೆಗೆ ಅಂಟಿಸಿದ ಚೀಟಿಯಲ್ಲಿ ಹಿಂದಿರುಗಿಸುವ ದಿನಾಂಕದ ಮುದ್ರೆಗಳನ್ನು ನೋಡಿದರೆ ಗೊತ್ತಾಗುತ್ತದೆ. ಕೆಲವು ಚೀಟಿ ತುಂಬಿ ಮೇಲೆ ಇನ್ನೊಂದು ಅಂಟಿಸಿರುತ್ತಾರೆ. ಕೆಲವು ಹತ್ತು ವರ್ಷದಿಂದ ಖಾಲಿ.

ಖಾಲಿ ಚೀಟಿಗೆ ಕಾರಣ

ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅಂತ ರಂಗನಾಥನ್ 1931ರಲ್ಲೇ ಸೂತ್ರ ಮಾಡಿ ಹೇಳಿದ್ದರು. ಓದುಗನ ಸಮಯ ಉಳಿಸಬೇಕು ಅನ್ನುವುದೂ ಅವರ ಐದು ಸೂತ್ರಗಳಲ್ಲಿ ಒಂದು. ಬಡಾವಣೆಯ ಶಾಖೆಯಲ್ಲಿ ಒಂದು ಪುಸ್ತಕ ಇದೆಯೋ ಇಲ್ಲವೋ ಅಂತ ಮನೆಯಿಂದಲೇ ನೋಡುವ ದಾರಿ ಇಲ್ಲದಿದ್ದರೆ, ಹೋಗಿ ಕಪಾಟು ಕಪಾಟು ತಡಕಬೇಕು. ಎರಡು ಸಲ ಬರಿಗೈಲಿ ಬಂದವರು ಮೂರನೇ ಸಲ ಹೋಗುವುದಿಲ್ಲ.

ಸಿಗುವ ಪುಸ್ತಕ ಹೊಸದಾ ಅನ್ನುವುದು ಇನ್ನೊಂದು ಮಾತು. ಕರ್ನಾಟಕದಲ್ಲಿ ಗ್ರಂಥಾಲಯ ಇಲಾಖೆ ಆಯ್ಕೆಯಾದ ಕನ್ನಡ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ, ಒಂದು ಶೀರ್ಷಿಕೆಗೆ 300 ಪ್ರತಿ. ಬೆಲೆ ಪುಟದ ಲೆಕ್ಕ. ಕನ್ನಡದಲ್ಲಿ ಹೆಚ್ಚಿನ ಪುಸ್ತಕಗಳು ಅಚ್ಚಾಗುವುದೇ ಸಾವಿರ ಪ್ರತಿ, ಅದಕ್ಕಿಂತ ಕಡಿಮೆಯೂ ಉಂಟು. ಅಂದಮೇಲೆ ಮುನ್ನೂರು ಅನ್ನುವುದು ಒಬ್ಬ ಸಣ್ಣ ಪ್ರಕಾಶಕನ ಪಾಲಿಗೆ ಸಣ್ಣ ಸಂಖ್ಯೆಯಲ್ಲ. ಮುಂದಿನ ಪುಸ್ತಕ ಅಚ್ಚಿಗೆ ಹೋಗುತ್ತದೋ ಇಲ್ಲವೋ ಅನ್ನುವುದು ಇದರ ಮೇಲೆ ನಿಂತಿರುತ್ತದೆ. ಈ ಖರೀದಿ ವರ್ಷಗಟ್ಟಲೆ ತಡವಾಗುತ್ತದೆ, ಪುಟದ ದರ ಕಾಗದದ ಬೆಲೆಗೆ ತಕ್ಕ ಹಾಗೆ ಏರುವುದಿಲ್ಲ ಅಂತ ಪ್ರಕಾಶಕರು ಮತ್ತೆ ಮತ್ತೆ ದೂರುತ್ತಾರೆ. ಸರ್ಕಾರಕ್ಕೆ ಮನವಿ ಕೊಡುತ್ತಾರೆ.

ಈಗ ಕೊಂಡಿ ಜೋಡಿಸಿ ನೋಡಿ. ರಾಜ್ಯದಲ್ಲೇ ಅತಿ ಹೆಚ್ಚು ಆಸ್ತಿ ತೆರಿಗೆ ಹುಟ್ಟುವುದು ಬೆಂಗಳೂರಿನಲ್ಲಿ, ಹಾಗಾಗಿ ಉಪಕರವೂ. ಇಲ್ಲಿಂದ ಬರಬೇಕಾದದ್ದು ಬಾರದೆ ಹೋದರೆ ಗ್ರಂಥಾಲಯದ ಕೈ ಬಿಗಿಯಾಗುತ್ತದೆ. ಕೈ ಬಿಗಿಯಾದರೆ ಮೊದಲು ಮುಂದೂಡುವುದು ಪುಸ್ತಕ ಖರೀದಿಯನ್ನು. ಯಾಕೆಂದರೆ ಕರೆಂಟು ಬಿಲ್ಲು ಕಟ್ಟದಿದ್ದರೆ ದೀಪ ಆರುತ್ತದೆ, ಪುಸ್ತಕ ಕೊಳ್ಳದಿದ್ದರೆ ತಕ್ಷಣಕ್ಕೆ ಏನೂ ಆಗುವುದಿಲ್ಲ. ಮೂರು ವರ್ಷ ಆದಮೇಲೆ ಆಗುತ್ತದೆ. ಕಪಾಟಿನಲ್ಲಿರುವ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಹಳೇ ಮಂತ್ರಿಮಂಡಲವೇ ಇರುತ್ತದೆ, ಪರೀಕ್ಷೆಗೆ ಓದುವ ಹುಡುಗ ತನ್ನ ಪುಸ್ತಕ ತಾನೇ ತರುತ್ತಾನೆ. ಆಮೇಲೆ ‘ನೋಡಿ, ಇವರು ನಮ್ಮ ಪುಸ್ತಕ ಮುಟ್ಟೋದೇ ಇಲ್ಲ’ ಅಂತ ಅವನ ಮೇಲೇ ಗೂಬೆ ಕೂರಿಸಲಾಗುತ್ತದೆ.

ಪಾಲಿಕೆ ಕಡೆಯ ವಾದ

ಪಾಲಿಕೆಯ ಪರವಾಗಿ ಹೇಳಲು ಏನೂ ಇಲ್ಲ ಅಂತಲ್ಲ. ಬಹಳಷ್ಟು ಶಾಖೆಗಳು ನಡೆಯುತ್ತಿರುವುದೇ ಪಾಲಿಕೆಯ ಜಾಗದಲ್ಲಿ. ವಾರ್ಡ್ ಕಚೇರಿಯ ಮಹಡಿ, ಮಾರುಕಟ್ಟೆ ಸಂಕೀರ್ಣದ ಮೂಲೆ, ಪಾರ್ಕಿನ ಪಕ್ಕದ ಕೋಣೆ. ಬೆಂಗಳೂರಿನ ನೆಲದ ಬೆಲೆಗೆ ಇದನ್ನು ಲೆಕ್ಕ ಹಾಕಿದರೆ ಬಾಕಿಯಲ್ಲಿ ಒಂದು ಭಾಗ ಹೊಂದಿಕೆಯಾಗಬೇಡವೇ ಅನ್ನುವುದು ಒಂದು ವಾದ. ತೆರಿಗೆ ಕಟ್ಟುವವನು ನಮ್ಮ ಬಾಗಿಲಿಗೆ ಬಂದು ಜಗಳ ಆಡುತ್ತಾನೆ, ದುಡ್ಡು ಮಾತ್ರ ರಾಜ್ಯದ ಇಲಾಖೆಗೆ ಕೊಡಬೇಕು, ಅಲ್ಲಿ ಹೇಗೆ ಖರ್ಚಾಯಿತು ಅಂತ ಕೇಳುವ ಹಕ್ಕೂ ನಮಗಿಲ್ಲ ಅನ್ನುವುದು ಇನ್ನೊಂದು.

ಎರಡನೇ ವಾದದಲ್ಲಿ ತೂಕ ಇದೆ. ಮೊದಲನೆಯದರಲ್ಲಿ ಅಷ್ಟಿಲ್ಲ. ಉಪಕರ ಪಾಲಿಕೆಯ ಆದಾಯವೇ ಅಲ್ಲ, ಬೇರೆಯವರಿಗಾಗಿ ಕೈಗೆ ತೆಗೆದುಕೊಂಡ ದುಡ್ಡು. ಕಂಡಕ್ಟರು ಟಿಕೆಟ್ ದುಡ್ಡನ್ನು ತನ್ನ ಮನೆ ಬಾಡಿಗೆಗೆ ಹೊಂದಿಸಿಕೊಳ್ಳುತ್ತೇನೆ ಅಂದ ಹಾಗಾಯಿತು ಅದು. ರಸ್ತೆ ಗುಂಡಿ, ಕಸ, ಗುತ್ತಿಗೆದಾರರ ಬಿಲ್ಲು ಒತ್ತಾಯ ಮಾಡುವಾಗ ಖಾತೆಯಲ್ಲಿ ಕೂತ ಉಪಕರದ ಮೇಲೆ ಕಣ್ಣು ಬೀಳುವುದು ಸಹಜ. ಗುತ್ತಿಗೆದಾರರು ಧರಣಿ ಕೂರುತ್ತಾರೆ, ಓದುಗರು ಕೂರುವುದಿಲ್ಲ. ಕೂತರೂ ಮೌನವಾಗಿ ಕೂರುತ್ತಾರೆ!

ಕಾಯ್ದೆ ಬರೆದವರು ಇದಕ್ಕೊಂದು ಸೇತುವೆ ಇಟ್ಟಿದ್ದರು. ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ಮೇಯರೇ ಅಧ್ಯಕ್ಷ. ಅಂದರೆ ದುಡ್ಡು ವಸೂಲು ಮಾಡುವ ಸಂಸ್ಥೆಯ ಮುಖ್ಯಸ್ಥನೇ ಖರ್ಚು ಮಾಡುವ ಮಂಡಳಿಯ ತಲೆಯ ಮೇಲೂ ಇರುತ್ತಾನೆ, ಎರಡು ಕಡೆಯೂ ಕೇಳುವವರಿರುತ್ತಾರೆ. ಆದರೆ ಬಿಬಿಎಂಪಿಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಪಾಲಿಕೆ ಹೋಗುವವರೆಗೂ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಯ ಕೈಯಲ್ಲೇ ನಡೆಯಿತು. ಮೇಯರ್ ಇಲ್ಲ, ‘ನಮ್ಮ ವಾರ್ಡಿನ ಲೈಬ್ರರಿ ಸೋರ್ತಾ ಇದೆ’ ಅಂತ ಸಭೆಯಲ್ಲಿ ಎದ್ದು ನಿಲ್ಲುವ ಕಾರ್ಪೊರೇಟರೂ ಇಲ್ಲ. ಕಿಟಕಿ ಗಾಜು ಒಡೆದರೆ ಕಟ್ಟಡ ನಮ್ಮದಲ್ಲ ಅಂತ ಇವರು, ದುಡ್ಡು ಬಂದಿಲ್ಲ ಅಂತ ಅವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಹಳ್ಳಿಯಲ್ಲಿ ಮಾಡಿದ್ದನ್ನು ಇಲ್ಲೂ ಮಾಡಬಹುದಾ?

2019ರಲ್ಲಿ ಸರ್ಕಾರ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿತು. ಈಗ ಅವಕ್ಕೆ ‘ಅರಿವು ಕೇಂದ್ರ’ ಅಂತ ಹೆಸರು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ‘ಓದುವ ಬೆಳಕು’ ಅನ್ನುವ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಬಿಟ್ಟಿ ಸದಸ್ಯತ್ವ ಕೊಟ್ಟು ಲಕ್ಷಗಟ್ಟಲೆ ಮಕ್ಕಳನ್ನು ಒಳಗೆ ತಂದರು. ತೆರಿಗೆ ವಸೂಲು ಮಾಡುವ ಪಂಚಾಯಿತಿಯೇ ಲೈಬ್ರರಿಯ ಯಜಮಾನನೂ ಆದ ಮೇಲೆ ‘ನೀನು ಕೊಡಲಿಲ್ಲ, ನಾನು ಮಾಡಲಿಲ್ಲ’ ಅನ್ನುವ ಆಟಕ್ಕೆ ಜಾಗ ಕಡಿಮೆ.

ಹಾಗಾದರೆ ನಗರದ ಶಾಖೆಗಳನ್ನೂ ಪಾಲಿಕೆಗಳಿಗೆ ಕೊಟ್ಟುಬಿಡಿ ಅನ್ನುವ ಸಲಹೆ ಕೇಳಲು ಚೆನ್ನಾಗಿದೆ. ಅಪಾಯ ಇರುವುದು ಒಂದು ಕಡೆ. ಹಳ್ಳಿಯಲ್ಲಿ ಪಂಚಾಯಿತಿ ಕಟ್ಟಡಕ್ಕೂ ಲೈಬ್ರರಿಗೂ ನಡುವೆ ನೂರು ಹೆಜ್ಜೆ, ಅಧ್ಯಕ್ಷರ ಮಗಳೂ ಅಲ್ಲಿಗೇ ಹೋಗಬಹುದು. ಬೆಂಗಳೂರಿನ ಪಾಲಿಕೆಗೆ ಲೈಬ್ರರಿ ನೂರೊಂದನೇ ಕೆಲಸ. ಜಾಗಕ್ಕೆ ಚಿನ್ನದ ಬೆಲೆ ಇರುವ ಊರಿನಲ್ಲಿ ಮುಖ್ಯ ರಸ್ತೆಯ ವಾಚನಾಲಯ ‘ತಾತ್ಕಾಲಿಕವಾಗಿ’ ಯಾವುದೋ ಕಚೇರಿಯ ಗೋದಾಮು ಆಗಲು ಎಷ್ಟು ದಿನ ಬೇಕು? ಜೊತೆಗೆ, ಗ್ರಂಥಾಲಯ ನಡೆಸಲು ಓದಿ ಬಂದ ಗ್ರಂಥಪಾಲಕರ ಸೇವಾ ಕೇಡರ್ ಇರುವುದು ಇಲಾಖೆಯಲ್ಲಿ, ಪಾಲಿಕೆಯಲ್ಲಲ್ಲ.

ಎಲ್ಲ ಡಿಜಿಟಲ್ ಮಾಡಿ ಮುಗಿಸೋಣ ಅನ್ನುವ ಮೂರನೇ ಗುಂಪೂ ಇದೆ. ಇಲಾಖೆ 2020ರಲ್ಲೇ ಡಿಜಿಟಲ್ ಗ್ರಂಥಾಲಯ ಶುರು ಮಾಡಿದೆ, ಅದರಿಂದ ಉಪಯೋಗವೂ ಆಗಿದೆ. ಆದರೆ ಪಿಜಿಯ ಹುಡುಗಿಗೆ ಬೇಕಾದ ಮೇಜನ್ನು ಆ್ಯಪಿನಲ್ಲಿ ಡೌನ್‌ಲೋಡ್ ಮಾಡಲಾಗದು.

ಐದು ಪಾಲಿಕೆ ಆದದ್ದರಿಂದ ಏನು ಬದಲಾಗುತ್ತದೆ?

ಇದು ಇನ್ನೂ ಯಾರೂ ಗಟ್ಟಿಯಾಗಿ ಮಾತಾಡದ ಭಾಗ. ಗ್ರಂಥಾಲಯ ಇಲಾಖೆ ಬೆಂಗಳೂರನ್ನು ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ವಲಯ ಮಾಡಿಕೊಂಡಿದೆ. ಹೊಸ ಪಾಲಿಕೆಗಳ ಹೆಸರೂ ಅವೇ ಐದು. ಹೆಸರು ಒಂದೇ ಅಂತ ಗಡಿಯೂ ಒಂದೇ ಆಗಬೇಕಿಲ್ಲ. ಒಂದು ವಲಯದ ಶಾಖೆಗಳು ಎರಡು ಪಾಲಿಕೆಗೆ ಹಂಚಿಹೋದರೆ ಯಾವ ಪಾಲಿಕೆಯ ಉಪಕರ ಯಾವ ಶಾಖೆಗೆ ಅನ್ನುವುದನ್ನು ಹೊಸದಾಗಿ ಬರೆಯಬೇಕು.

ಅದಕ್ಕಿಂತ ದೊಡ್ಡದು ಆದಾಯದ ಏರುಪೇರು. ಪೂರ್ವ ಪಾಲಿಕೆಗೆ ಸೇರಿದ್ದು ಮಹದೇವಪುರ ಮತ್ತು ಕೆ.ಆರ್. ಪುರ. ಟೆಕ್ ಪಾರ್ಕು, ಮಾಲು, ಅಪಾರ್ಟ್‌ಮೆಂಟುಗಳ ಮಹದೇವಪುರ ಆಸ್ತಿ ತೆರಿಗೆಯಲ್ಲಿ ಬಿಬಿಎಂಪಿಯ ಎಂಟು ವಲಯಗಳಲ್ಲೇ ಮುಂದಿತ್ತು. ಆದರೆ ಆ ಭಾಗ ನಗರಕ್ಕೆ ಸೇರಿದ್ದೇ 2007ರಲ್ಲಿ. ಅದಕ್ಕೂ ಮೊದಲು ಅದು ನಗರಸಭೆ, ಹಳ್ಳಿ. ಜಯನಗರ, ಮಲ್ಲೇಶ್ವರ, ರಾಜಾಜಿನಗರದಂಥ ಹಳೇ ಬಡಾವಣೆಯಲ್ಲಿ ನಡೆದು ಹೋಗುವಷ್ಟು ಹತ್ತಿರ ಶಾಖೆ ಸಿಗುವ ಹಾಗೆ ಅಲ್ಲಿ ಸಿಗುವುದಿಲ್ಲ. ಒಂದೇ ಪಾಲಿಕೆ ಇದ್ದಾಗ ಉಪಕರ ಒಂದೇ ಮಡಕೆಗೆ ಬೀಳುತ್ತಿತ್ತು. ಈಗ ಐದು ಮಡಕೆ. ಒಂದು ಕಡೆ ದುಡ್ಡು ಜಾಸ್ತಿ ಶಾಖೆ ಕಡಿಮೆ, ಇನ್ನೊಂದು ಕಡೆ ಶಾಖೆ ಜಾಸ್ತಿ ದುಡ್ಡು ಕಡಿಮೆ ಆಗುವ ಸಂಭವ ಇದೆ.

ಇದು ಕೆಟ್ಟದ್ದೇ ಆಗಬೇಕಿಲ್ಲ. ಪೂರ್ವದ ಉಪಕರ ಪೂರ್ವದಲ್ಲೇ ಖರ್ಚಾದರೆ ವೈಟ್‌ಫೀಲ್ಡ್, ಹೂಡಿಯ ಕಡೆ ಕೊನೆಗೂ ಒಳ್ಳೆಯ ಲೈಬ್ರರಿಗಳು ಬರಬಹುದು. ಅಪಾರ್ಟ್‌ಮೆಂಟಿನ ಮಕ್ಕಳಿಗೆ ಮಾತ್ರವಲ್ಲ, ಅದೇ ಅಪಾರ್ಟ್‌ಮೆಂಟುಗಳಲ್ಲಿ ಕೆಲಸ ಮಾಡುವವರ ಮಕ್ಕಳಿಗೂ. ಆದರೆ ಹಳೇ ಬಡಾವಣೆಗಳ ಶಾಖೆಗೆ ತೂತು ಬೀಳದಂತೆ ರಾಜ್ಯ ಸರ್ಕಾರ ಕೊರತೆ ತುಂಬುವ ಸೂತ್ರವನ್ನು ಮೊದಲೇ ಬರೆದಿಡಬೇಕು. ಹಳೇ ಬಾಕಿಯದ್ದೂ ಅದೇ ಕಥೆ. ಐದು ಪಾಲು ಮಾಡುವಾಗ ಆಸ್ತಿ, ಸಾಲ, ಸಿಬ್ಬಂದಿಯ ಜೊತೆ ಗ್ರಂಥಾಲಯದ ಬಾಕಿಗೂ ಒಂದು ಕಾಲಂ ಬೇಕು. ಇಲ್ಲದಿದ್ದರೆ ಐದೂ ಕಡೆ ‘ಅದು ಹಳೇ ಬಿಬಿಎಂಪಿದು’ ಅನ್ನುವ ಉತ್ತರ ಸಿಗುತ್ತದೆ. ಹಳೇ ಬಿಬಿಎಂಪಿಯ ವಿಳಾಸ ಯಾರಿಗೂ ಗೊತ್ತಿರುವುದಿಲ್ಲ.

ಇದಕ್ಕೆಲ್ಲ ಹೊಸ ಕಾನೂನೇ ಬೇಕು ಅಂತೇನಿಲ್ಲ. ಆನ್‌ಲೈನ್‌ನಲ್ಲಿ ತೆರಿಗೆ ಕಟ್ಟಿದ ಕ್ಷಣದಲ್ಲೇ ಶೇ 6ರ ಪಾಲು ಬೇರೆಯಾಗಿ ಗ್ರಂಥಾಲಯದ ಖಾತೆಗೆ ಹೋಗುವ ಹಾಗೆ ಮಾಡುವುದು ಸಾಫ್ಟ್‌ವೇರಿನ ಕೆಲಸ, ಅದೂ ಈ ಊರಿಗೆ ಹೊಸದಲ್ಲ. ಪಾಲಿಕೆಯ ಖಾತೆಯಲ್ಲಿ ಒಂದು ರಾತ್ರಿಯೂ ತಂಗದ ದುಡ್ಡಿನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ರಸೀದಿಯಲ್ಲಿ ‘ಸೆಸ್’ ಅನ್ನುವುದರ ಬದಲು ಮೂರು ಸಾಲು ಅಚ್ಚು ಹಾಕಿಸುವುದಕ್ಕೆ ಇನ್ನೂ ಕಡಿಮೆ ಕಷ್ಟ.

ಅಲ್ಲಿಯವರೆಗೆ ನಾಗರಿಕರ ಕೈಯಲ್ಲಿರುವುದು ಮಾಹಿತಿ ಹಕ್ಕು. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ಈ ವಿಷಯಕ್ಕೆ ಅಷ್ಟು ಪದವೂ ಬೇಡ. ನಿಮ್ಮ ಪಾಲಿಕೆಗೆ ಒಂದು ಅರ್ಜಿ: ಕಳೆದ ವರ್ಷ ಗ್ರಂಥಾಲಯ ಉಪಕರ ಎಷ್ಟು ವಸೂಲಾಯಿತು, ಎಷ್ಟು ದಾಟಿಸಿದಿರಿ? ನಿಮ್ಮ ವಲಯದ ನಗರ ಕೇಂದ್ರ ಗ್ರಂಥಾಲಯಕ್ಕೆ ಇನ್ನೊಂದು: ಪಾಲಿಕೆಯಿಂದ ಎಷ್ಟು ಬಂತು, ಅದರಲ್ಲಿ ಪುಸ್ತಕಕ್ಕೆ ಎಷ್ಟು ಹೋಯಿತು? ಒಬ್ಬರು ಕೊಟ್ಟೆ ಅಂದದ್ದೂ ಇನ್ನೊಬ್ಬರು ಬಂತು ಅಂದದ್ದೂ ಒಂದೇ ಅಂಕಿ ಆಗಿರಬೇಕು.